ಶನಿವಾರದ ಕಿಲೋಮೀಟರು

ಚೌತಿ ಮುಗಿದ ಮರುವಾರ ಜಯಶೀಲರ ಮನೆಯಲ್ಲಿ ಹೊಸ ಕಾರಿನ ಮಾತು ಎದ್ದಿತು. ಎದ್ದದ್ದು ರಾತ್ರಿಯ ಊಟಕ್ಕೆ ಕೂತಾಗ. ನೆರೂಳದ ಆ ಎರಡು ಬೆಡ್‌ರೂಮಿನ ಮನೆಯಲ್ಲಿ ಐದು ಜನ ಒಟ್ಟಿಗೆ ಸಿಕ್ಕುತ್ತಿದ್ದುದು ಆಗ ಮಾತ್ರ. ಮನೆಯ ಜಗಳಗಳೂ ಹಾಗಾಗಿ ಆ ಹೊತ್ತಿಗೇ ಕಾದು ಕೂತಿರುತ್ತಿದ್ದವು.

ಉಮಾವತಿ ಬಂಗುಡೆ ಸಾರು ಬಡಿಸುತ್ತಿದ್ದಳು. ಮಗ ರಂಜನ್ ತಟ್ಟೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ. ಅವನಿಗೆ ಮಹಾಪೆಯ ಒಂದು ವಿಮೆ ಕಂಪನಿಯಲ್ಲಿ ಅಂಕಿಅಂಶದ ಕೆಲಸ. ಯಾವ ವಯಸ್ಸಿನವರು ಎಷ್ಟು ವರ್ಷ ಬದುಕುತ್ತಾರೆ, ಯಾವ ಗಾಡಿ ಎಷ್ಟು ವರ್ಷಕ್ಕೆ ಕೈಕೊಡುತ್ತದೆ ಎಂದು ಹೇಳಿ ಸಂಬಳ ತರುತ್ತಿದ್ದ. ಮನೆಯ ಹದಿಮೂರು ವರ್ಷದ ಹಳೆಯ ಪುಟ್ಟ ಕಾರನ್ನು ಕೊಟ್ಟು ಹೊಸದನ್ನು ತರುವುದೆಂದು ತೀರ್ಮಾನವಾಗಿತ್ತು. ಯಾವ ಕಂಪನಿ, ಯಾವ ಮಾದರಿ ಎಂಬುದೂ ತೀರ್ಮಾನವಾಗಿತ್ತು. ಉಳಿದದ್ದು ಪೆಟ್ರೋಲೋ ಡೀಸೆಲೋ ಎಂಬ ಒಂದೇ ವಿಷಯ. ಜಯಶೀಲರಿಗೆ ಡೀಸೆಲ್ ಬೇಕು, ಮಗನಿಗೆ ಪೆಟ್ರೋಲ್. ಆ ಒಂದೇ ವಿಷಯ ಆರು ವಾರ ತಿಂದಿತು.

"ಡೀಸೆಲ್ ಗಾಡಿಗೆ ಒಂದು ಲಕ್ಷ ಜಾಸ್ತಿ ಉಂಟು," ಎಂದ ರಂಜನ್. "ನಾನು ಮಾರಾಟಕ್ಕಿಟ್ಟ ಇನ್ನೂರ ಹನ್ನೆರಡು ಹಳೆ ಕಾರಿನ ರೇಟ್ ಇಂಟರ್‌ನೆಟ್‌ನಿಂದ ತೆಗೆದು ನೋಡಿದೆ. ಎಂಟು ವರ್ಷ ಆದ ಮೇಲೆ ಮಾರುವಾಗ ಎರಡಕ್ಕೂ ಸಾಧಾರಣ ಒಂದೇ ರೇಟು. ಆ ಲಕ್ಷ ನಾವು ಓಡಿಸಿ, ಎಣ್ಣೆ ಖರ್ಚಿನಲ್ಲಿ ಉಳಿಸಿಯೇ ವಸೂಲು ಮಾಡ್ಬೇಕು. ತಿಂಗಳಿಗೆ ನಾನ್ನೂರು ಕಿಲೋಮೀಟರು ಅಂತ ಹಿಡಿದ್ರೆ ಹದಿನೈದು ವರ್ಷ ಬೇಕು."

ಜಯಶೀಲ ಅನ್ನ ಕಲಸುವುದನ್ನು ನಿಲ್ಲಿಸಿದರು. ಅವರಿಗೆ ಅರವತ್ತಾರು. ಹದಿನೈದು ಕೂಡಿಸಲು ಲ್ಯಾಪ್‌ಟಾಪ್ ಬೇಕಿರಲಿಲ್ಲ.

"ಅಂದ್ರೆ ಎಂಬತ್ತೊಂದಕ್ಕೆ ನನಗೆ ಲಾಭ ಸುರು ಆಗುದು," ಎಂದರು.

"ನಿಮ್ಮ ವಯಸ್ಸಿನ ಮಾತಲ್ಲ ಪಪ್ಪ, ಕಾರಿನದ್ದು."

"ಓಡಿಸುವವ ನಾನಲ್ವಾ? ಮತ್ತೆ ನಾನ್ನೂರು ಅಂತ ನಿನಗೆ ಯಾರು ಹೇಳಿದ್ದು?"

"ಅಂದಾಜು."

"ಅಂದಾಜು ಬೇಡ. ಅಳತೆ ಮಾಡು."

ಜಯಶೀಲ ಠಾಣೆ ಬೇಲಾಪುರ ರಸ್ತೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಸ್ಟೋರ್‌ಕೀಪರ್ ಆಗಿದ್ದವರು. ಪುಸ್ತಕದಲ್ಲಿ ಬರೆದದ್ದನ್ನು ನಂಬದೆ ಕಪಾಟು ತೆಗೆದು ಎಣಿಸುವುದು ಅವರ ಜಾತಕದಲ್ಲೇ ಇತ್ತು. ಹಳೆಯ ಕಾರಿನ ಕಿಲೋಮೀಟರಿನ ಮುಳ್ಳು ಮೂರು ವರ್ಷದಿಂದ ಕೆಟ್ಟು ನಿಂತಿತ್ತು. ಮಾರಿಹೋಗುವ ಕಾರಿಗೆ ಯಾರಾದರೂ ಖರ್ಚು ಮಾಡುತ್ತಾರೆಯೇ ಎಂದು ಸೊಸೆ ಸೋನಾಲಿ ಕೇಳಿದಳು. ಮರುದಿನವೇ ಜಯಶೀಲ ಅದನ್ನು ರಿಪೇರಿ ಮಾಡಿಸಿಕೊಂಡು ಬಂದರು. ದೀಪಾವಳಿಗೆ ಕಾರು ಬರಬೇಕು, ಅಲ್ಲಿಯವರೆಗೆ ಆರು ವಾರ ಅಳೆಯುವುದು ಎಂದಾಯಿತು. ಲೆಕ್ಕ ಬರೆಯುವ ಕೆಲಸ ಮೊಮ್ಮಗಳು ಇಂಚರಳಿಗೆ ಬಂತು. ಒಂಬತ್ತನೇ ಕ್ಲಾಸಿನಲ್ಲಿ ಆ ವರ್ಷ ಸರಾಸರಿಯ ಪಾಠ ಇತ್ತು.

"ಆಜೋಬಾ, ಹರ್ ಟ್ರಿಪ್ ಲಿಖನೇಕಾ. ಕಿಧರ್ ಗಯೇ, ಕಿತನಾ ಹುವಾ," ಎಂದು ಇಂಚರ ತಾತನಿಗೆ ಒಂದು ಡೈರಿ ಕೊಟ್ಟಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು. ಬಾಯಿಂದ ಬರುತ್ತಿದ್ದುದು ಮಾತ್ರ ಹಿಂದಿ ಮರಾಠಿ.

"ಎಲ್ಲಿಗೆ ಹೋದದ್ದು, ಎಷ್ಟು ಓಡಿದ್ದು, ಎಲ್ಲ ಬರೀತೇನೆ ಮಗಾ," ಎಂದರು ಜಯಶೀಲ. ಎಂದೂ ಇಲ್ಲದ ವಿನಯ ಅವರ ಮಾತಿನಲ್ಲಿತ್ತು.

ಮೊದಲ ಸೋಮವಾರವೇ ಮನೆಯ ದಿನಚರಿ ಅಡಿಮೇಲಾಯಿತು. ಹಾಲು ಕಟ್ಟಡದ ಕೆಳಗಿನ ಅಂಗಡಿಯಲ್ಲೇ ಸಿಗುತ್ತಿತ್ತು. ಜಯಶೀಲರಿಗೆ ಏಕಾಏಕಿ ಆ ಹಾಲು ನೀರೆನಿಸಿತು. ಸೀವುಡ್ಸ್‌ಗೆ ಕಾರಿನಲ್ಲಿ ಹೋಗಿ ತಂದರು. ಸೋನಾಲಿ ವಾಶಿಯ ಬ್ಯಾಂಕಿಗೆ ಎಂಟು ಐವತ್ತರ ಲೋಕಲ್ ರೈಲಿನಲ್ಲಿ ಹೋಗುವವಳು. ಅವಳಿಗೆ ಆ ಡಬ್ಬಿಯಲ್ಲಿ ನಾಲ್ಕು ಜನ ಗೆಳತಿಯರಿದ್ದರು. ದಿನದಲ್ಲಿ ಅವಳು ನಗುತ್ತಿದ್ದುದು ಹೆಚ್ಚಾಗಿ ಆ ಹತ್ತು ಹದಿನೈದು ನಿಮಿಷ.

"ನಾನು ಬಿಟ್ಟು ಬರ್ತೇನೆ," ಎಂದರು ಮಾವ.

"ನಕೋ ಪಪ್ಪಾ, ಟ್ರೈನ್ ಆರಾಮ್ ಆಗ್ತದೆ ನನಗೆ," ಎಂದಳು ಸೋನಾಲಿ. ಡೊಂಬಿವಲಿಯ ಮರಾಠಿ ಮನೆಯ ಹುಡುಗಿ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅತ್ತೆಯಿಂದ ಕನ್ನಡ ಕಲಿತಿದ್ದಳು.

"ಗರ್ದಿಯಲ್ಲಿ ಯಾಕೆ ಸಾಯ್ತಿ?"

ಅವಳು ಕಾರಿನಲ್ಲಿ ಮುಖ ಗಂಟಿಕ್ಕಿಕೊಂಡು ಹೋದಳು. ಕನ್ನಡ ಸಂಘದ ಗುರುವಪ್ಪನವರಿಗೂ ಅದೇ ವಾರ ಅದೃಷ್ಟ ಖುಲಾಯಿಸಿತು. ಡಾಕ್ಟರಲ್ಲಿಗೆ, ಮಗಳ ಮನೆಗೆ, ತೆಂಗಿನಕಾಯಿ ತರುವುದಕ್ಕೆ, ಎಲ್ಲಿಗೆ ಹೋಗಬೇಕೆಂದರೂ ಜಯಶೀಲರ ಕಾರು ಗೇಟಿನಲ್ಲಿ ನಿಂತಿರುತ್ತಿತ್ತು.

ಶುಕ್ರವಾರ ಸಂಜೆ ಜಯಶೀಲ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಾಳೆ ಬದಲಾಪುರಕ್ಕೆ ಹೋಗುವನಾ? ನಿನ್ನ ಅಕ್ಕನನ್ನು ನೋಡಿ ಬರುವ."

ಉಮಾವತಿ ಕೈಯಲ್ಲಿದ್ದ ಕಾಯಿ ತುರಿ ಹಾಗೇ ಹಿಡಿದು ಗಂಡನನ್ನು ನೋಡಿದಳು. ಅಕ್ಕ ಪ್ರಭಾ ಬದಲಾಪುರದಲ್ಲಿ ಮಗಳ ಮನೆಯಲ್ಲಿದ್ದಳು. ಸೊಂಟದ ಮೂಳೆ ಮುರಿದ ಮೇಲೆ ಅವಳು ಮೆಟ್ಟಿಲು ಇಳಿದಿರಲಿಲ್ಲ. ಒಬ್ಬಳೇ ಅಕ್ಕ, ಒಂದೂವರೆ ಗಂಟೆಯ ದಾರಿ. ಆದರೂ ಉಮಾವತಿ ಅವಳನ್ನು ನೋಡುತ್ತಿದ್ದುದು ವರ್ಷಕ್ಕೆ ಎರಡು ಸಲ. ಕೇಳಿದಾಗೆಲ್ಲ ಗಂಡನ ಉತ್ತರ ತಯಾರಾಗಿರುತ್ತಿತ್ತು: ಶೀಳ್‌ಫಾಟಾದಲ್ಲಿ ಟ್ರಾಫಿಕ್, ಟೈರು ಹಳತು, ಮುಂದಿನ ತಿಂಗಳು ನೋಡುವ. ಒಬ್ಬಳೇ ರೈಲಿನಲ್ಲಿ ಹೋಗಲು ಅವಳಿಗೆ ಭಯ. ಆ ಭಯವನ್ನು ಮನೆಯವರೆಲ್ಲ ಗೌರವದಿಂದ ಕಾಪಾಡಿಕೊಂಡು ಬಂದಿದ್ದರು, ಏಕೆಂದರೆ ಶನಿವಾರ ಎಲ್ಲರಿಗೂ ಬಿಸಿ ನೀರುದೋಸೆ ಬೇಕಿತ್ತು.

"ಎಂತ ವಿಶೇಷ?" ಎಂದು ಕೇಳಿದಳು.

"ವಿಶೇಷ ಎಂತ ಬೇಕು? ಅಕ್ಕ ಅಲ್ವಾ?"

ಅವಳಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಅರ್ಥವಾಗದೆ ಇರಲು ಅವಳು ಆ ಮನುಷ್ಯನ ಎದುರು ನಲವತ್ತು ವರ್ಷ ಊಟ ಬಡಿಸಿರಬಾರದಿತ್ತು. ಪ್ರತಿ ಫೆಬ್ರವರಿಯಲ್ಲೂ ಜಯಶೀಲ ಊಟಕ್ಕೆ ಕೂತು ಬಯ್ಯುತ್ತಿದ್ದರು. ಬಜೆಟ್ ಬರುವ ಮೊದಲು ಕಾರ್ಖಾನೆಯ ಪ್ರತಿ ವಿಭಾಗದವರೂ ಸ್ಟೋರಿಗೆ ಬಂದು ಬೇಡದ ಕೈಗವಸು, ಬೇಡದ ಬ್ರಶ್ಶು ಎಲ್ಲ ಹೊತ್ತುಕೊಂಡು ಹೋಗುತ್ತಿದ್ದರು. ಖರ್ಚು ಹೆಚ್ಚು ತೋರಿಸಿದರೆ ತಾನೇ ಮುಂದಿನ ವರ್ಷಕ್ಕೆ ಹೆಚ್ಚು ಸಿಗುವುದು. "ಕಳ್ಳರು, ಮಾರ್ಚ್ ಕಳೆದ ಮೇಲೆ ಒಬ್ಬನೂ ಈ ಕಡೆ ತಲೆ ಹಾಕುದಿಲ್ಲ," ಎಂದು ಜಯಶೀಲ ಅನ್ನ ಕಲಸುತ್ತ ಹೇಳುತ್ತಿದ್ದುದು ಅವಳಿಗೆ ಬಾಯಿಪಾಠವಾಗಿತ್ತು.

ಈಗ ಆ ಕಳ್ಳ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಆದರೆ ಉಮಾವತಿಗೆ ಅಕ್ಕನನ್ನು ನೋಡುವ ಆಸೆ ದೊಡ್ಡದಿತ್ತು.

"ಹೋಗುವ," ಎಂದಳು.

ಆರು ಶನಿವಾರ ಹೋದರು. ಹೋಗಿ ಬಂದರೆ ತೊಂಬತ್ತು ಕಿಲೋಮೀಟರು. ಪ್ರಭಾಳ ಮಗಳ ಮನೆಯಲ್ಲಿ ಜಯಶೀಲ ಹೊರಗಿನ ಕೋಣೆಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂರುತ್ತಿದ್ದರು. ಅಕ್ಕತಂಗಿ ಒಳಗೆ ಮಂಚದ ಮೇಲೆ ಕಾಲು ಚಾಚಿಕೊಂಡು ತುಳುವಿನಲ್ಲಿ ಮಾತಾಡುತ್ತಿದ್ದರು. ಮೊದಲ ಶನಿವಾರ ಯಾರು ಸತ್ತರು, ಯಾರಿಗೆ ಮದುವೆಯಾಯಿತು ಎಂಬುದರಲ್ಲೇ ಹೊತ್ತು ಹೋಯಿತು. ಎರಡನೆಯ ಶನಿವಾರ ಅಮ್ಮನ ಬೆಂಡೋಲೆ ಯಾರಿಗೆ ಸಲ್ಲಬೇಕಿತ್ತು ಎಂದು ಜಗಳವಾಯಿತು. ಮೂರನೆಯದರಲ್ಲಿ ರಾಜಿಯಾಯಿತು. ನಾಲ್ಕನೆಯ ಶನಿವಾರದ ಹೊತ್ತಿಗೆ ಇಬ್ಬರಿಗೂ ಏನೂ ಮಾತಾಡದೆ ಕೂರಲು ಬಂತು. ಪ್ರಭಾ ತಂಗಿಯ ತೊಡೆಯ ಮೇಲೆ ಕಾಲಿಟ್ಟು ನಿದ್ದೆಹೋದಳು. ಉಮಾವತಿಗೆ ಆ ದಿನ ಬಹಳ ಸಂತೋಷವಾಯಿತು. ಜಯಶೀಲ ನಾಲ್ಕು ಗಂಟೆಗೇ ಕೆಳಗಿಳಿದು ಹಾರ್ನ್ ಹಾಕಿದಾಗ ಅಷ್ಟೇ ಸಿಟ್ಟೂ ಬಂತು.

ಶನಿವಾರ ಮನೆಯಲ್ಲಿ ಅವಳಿಲ್ಲದೆ ಏನಾಯಿತೆಂದರೆ, ಏನೂ ಆಗಲಿಲ್ಲ. ಮೊದಲ ವಾರ ಹೋಟೆಲಿನಿಂದ ತರಿಸಿದರು. ಎರಡನೆಯ ವಾರ ಸೋನಾಲಿ ಅವಲಕ್ಕಿಯ ಪೋಹೆ ಮಾಡಿದಳು. ಮೂರನೆಯ ವಾರ ರಂಜನ್ ಅನ್ನಕ್ಕಿಟ್ಟು ತಳ ಹಿಡಿಸಿದ. ಐದನೆಯ ವಾರ ಇಂಚರ ಅಜ್ಜಿಯ ಕಾವಲಿಯಲ್ಲಿ ನೀರುದೋಸೆ ಹೊಯ್ದು, ಅರ್ಧ ಹರಿದು, ಅರ್ಧ ತಿಂದಳು. ಯಾರೂ ಉಪವಾಸ ಬೀಳಲಿಲ್ಲ. ಇದನ್ನು ನೋಡಿ ಉಮಾವತಿಗೆ ಮೊದಲು ಸ್ವಲ್ಪ ಬೇಸರವಾಯಿತು. ಆಮೇಲೆ ಯೋಚನೆ ಹತ್ತಿತು. ದೀಪಾವಳಿ ಹತ್ತಿರ ಬರುತ್ತಿತ್ತು. ಮಾರ್ಚ್ ಕಳೆದ ಮೇಲೆ ಒಬ್ಬನೂ ಈ ಕಡೆ ತಲೆ ಹಾಕುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಆರನೆಯ ಭಾನುವಾರ ಮಧ್ಯಾಹ್ನ ಕೋಳಿ ಪದಾರ್ಥದ ಊಟ. ರಂಜನ್ ಲ್ಯಾಪ್‌ಟಾಪ್ ತೆರೆದ. ಇಂಚರ ಡೈರಿ ಓದಿದಳು.

"ಟೋಟಲ್ ಏಕ್ ಹಜಾರ್ ಚಾರ್‌ಸೌ ಚಾಲೀಸ್. ಮಹೀನೇಕಾ ಏಕ್ ಹಜಾರ್ ಚಾಲೀಸ್."

"ಒಟ್ಟು ಸಾವಿರದ ನಾನ್ನೂರ ನಲವತ್ತು. ತಿಂಗಳಿಗೆ ಸಾವಿರದ ನಲವತ್ತು," ಎಂದು ಜಯಶೀಲ ತಿರುಗಿ ಹೇಳಿದರು, ಕಿವುಡರಿಗೆ ಹೇಳಿದ ಹಾಗೆ. "ಈಗ ಹಾಕು ನಿನ್ನ ಲೆಕ್ಕ."

ರಂಜನ್ ಹಾಕಿದ. "ಆರು ವರ್ಷದೊಳಗೆ ಲಕ್ಷ ವಸೂಲು. ಡೀಸೆಲೇ ಲಾಭ."

"ಅಷ್ಟೇ. ನಾನು ಹೇಳಿದ್ದೂ ಅದನ್ನೇ."

"ನಿಲ್ಲಿ ಪಪ್ಪ." ರಂಜನ್ ಪರದೆಯನ್ನು ತಂದೆಯ ಕಡೆಗೆ ತಿರುಗಿಸಿದ. "ಇದರಲ್ಲಿ ಬದಲಾಪುರವೇ ಐನೂರ ನಲವತ್ತು. ಸೀವುಡ್ಸ್ ಹಾಲು, ಸೋನಾಲಿಯ ಬ್ಯಾಂಕು, ಗುರುವಪ್ಪ ಅಂಕಲ್ ಸೇರಿ ಮುನ್ನೂರ ಅರವತ್ತು. ಅದನ್ನೆಲ್ಲ ತೆಗೆದ್ರೆ ತಿಂಗಳಿಗೆ ಮುನ್ನೂರ ತೊಂಬತ್ತು. ಪುನಃ ಹದಿನೈದು ವರ್ಷ."

"ತೆಗೆಯುದು ಯಾಕೆ? ಓಡಿದ್ದು ಹೌದಲ್ವಾ? ಮುಳ್ಳು ಸುಳ್ಳು ಹೇಳ್ತದಾ?"

"ಮುಳ್ಳು ಸುಳ್ಳು ಹೇಳುದಿಲ್ಲ. ಆದ್ರೆ ಆರು ವಾರ ಓಡಿದ್ದು ಹತ್ತು ವರ್ಷ ಓಡ್ಬೇಕು. ಅದಕ್ಕೇ ನಾವು ಸ್ಯಾಂಪಲ್ ಅಂತ ಹೇಳುದು. ಹಿಂದಿನ ಹದಿಮೂರು ವರ್ಷದಲ್ಲಿ ಬದಲಾಪುರಕ್ಕೆ ಎಷ್ಟು ಸಲ ಹೋಗಿದ್ದೀರಿ?"

"ಹಿಂದಿನದ್ದು ಬಿಡು. ಈಗ ಹೋಗ್ತೇವೆ. ಇನ್ನೂ ಹೋಗ್ತೇವೆ."

"ಪಪ್ಪಾ, ಸೋಮವಾರದಿಂದ ನಾನು ಟ್ರೈನಲ್ಲಿ ಹೋಗ್ತೀನಿ, ಆಧೀಚ್ ಸಾಂಗತೆ," ಎಂದು ಸೋನಾಲಿ ಮೊದಲೇ ಹೇಳಿಬಿಟ್ಟಳು. "ನನ್ನದು ತೆಗೀರಿ ಲೆಕ್ಕದಿಂದ."

ಜಯಶೀಲರ ಮುಖ ಕೆಂಪಾಯಿತು. "ಅಪ್ಪನ ಮಾತಿಗೆ ಸಾಕ್ಷಿ ಬೇಕಾ ಈ ಮನೆಯಲ್ಲಿ? ಕಾರಿಗೆ ನಾನೇ ಎರಡೂವರೆ ಲಕ್ಷ ಹಾಕುವವ."

"ಸಾಕ್ಷಿ ಅಲ್ಲ ಪಪ್ಪ. ಅಮ್ಮನನ್ನು ಕೇಳುವ, ಆಗದಾ? ಅಮ್ಮ ಹೌದು ಹೇಳಿದ್ರೆ ಬದಲಾಪುರ ಲೆಕ್ಕದಲ್ಲಿ ಇಡ್ತೇನೆ. ಅದೊಂದು ಇದ್ರೂ ಎಂಟು ವರ್ಷದೊಳಗೆ ಲಕ್ಷ ಬರ್ತದೆ, ಡೀಸೆಲ್ ಬುಕ್ ಮಾಡುವ." ರಂಜನ್ ತಾಯಿಯ ಕಡೆ ತಿರುಗಿದ. "ಅಮ್ಮ, ಇನ್ನು ಮುಂದೆಯೂ ಪ್ರತಿ ಶನಿವಾರ ನೀವಿಬ್ಬರು ಹೋಗ್ತೀರಾ?"

ಉಮಾವತಿ ಸೌಟು ಹಿಡಿದು ನಿಂತಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ಆ ಮನೆಯ ದೊಡ್ಡ ಸಾಮಾನು ಯಾವುದೂ ಅವಳನ್ನು ಕೇಳಿ ಬಂದಿರಲಿಲ್ಲ. ಫ್ರಿಜ್ಜೂ ಅಲ್ಲ, ಮನೆಯೂ ಅಲ್ಲ. ಜಯಶೀಲ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಅಪ್ಪಣೆಯಿತ್ತು, ಸ್ವಲ್ಪ ಬೇಡಿಕೆಯೂ ಇತ್ತು. ಹೌದು ಎಂದರೆ ಮೂರು ವಾರ, ಹೆಚ್ಚೆಂದರೆ ನಾಲ್ಕು ವಾರ ಕರೆದುಕೊಂಡು ಹೋಗುತ್ತಾರೆ. ಇಲ್ಲ ಎಂದರೆ ಬರುವ ಶನಿವಾರವೇ ಇಲ್ಲ.

"ಇಲ್ಲ," ಎಂದಳು.

"ಎಂತ ಇಲ್ಲ?" ಎಂದರು ಜಯಶೀಲ.

"ನೀವು ಕರಕೊಂಡು ಹೋಗುದಿಲ್ಲ. ಆರು ವಾರ ನಾನು ಅಕ್ಕನನ್ನು ನೋಡಿದ್ದು ಡೀಸೆಲ್‌ಗೋಸ್ಕರ. ನಿಮ್ಮ ಕಾರ್ಖಾನೆಯವರು ಬಜೆಟ್ಟಿಗೆ ಮೊದಲು ಬ್ರಶ್ಶು ತಕೊಂಡು ಹೋಗ್ತಿದ್ರಲ್ಲ, ನಾನು ಆ ಬ್ರಶ್ಶು." ಅವಳು ದನಿ ಏರಿಸಲಿಲ್ಲ. "ಲೆಕ್ಕದಿಂದ ನನ್ನನ್ನು ತೆಗಿ ರಂಜು."

ಇಂಚರ ಪೆನ್ಸಿಲಿನಿಂದ ಡೈರಿಯ ಆರು ಸಾಲುಗಳ ಮೇಲೆ ನಿಧಾನವಾಗಿ ಗೆರೆ ಎಳೆದಳು. ಜಯಶೀಲ ಕೈತೊಳೆದು ಎದ್ದು ಹೋದರು. ತಟ್ಟೆಯಲ್ಲಿ ಕೋಳಿಯ ಕಾಲು ಹಾಗೇ ಉಳಿದಿತ್ತು.

ಪೆಟ್ರೋಲ್ ಕಾರು ಬುಕ್ ಆಯಿತು. ಜಯಶೀಲ ಹೆಂಡತಿಯೊಡನೆ ಮಾತು ಬಿಟ್ಟರು. ಬೇಕಾದದ್ದನ್ನು ಮೊಮ್ಮಗಳ ಮೂಲಕ ಕೇಳಿಸುತ್ತಿದ್ದರು. "ಚಾ ಆಯ್ತಾ ಅಂತ ಕೇಳು," ಎಂದು ಅವರು ಹೇಳಿದರೆ ಇಂಚರ ಎರಡು ಹೆಜ್ಜೆ ದೂರದಲ್ಲಿದ್ದ ಅಜ್ಜಿಗೆ "ಚಹಾ ಝಾಲಾ ಕಾ?" ಎನ್ನುತ್ತಿದ್ದಳು. ಉಮಾವತಿ ಲೋಟ ತಂದು ಅವರ ಮುಂದೆ ಕುಕ್ಕುತ್ತಿದ್ದಳು.

ಶುಕ್ರವಾರ ರಾತ್ರಿ ಅವಳು ಸೊಸೆಯನ್ನು ಕರೆದು ಕೇಳಿದಳು. "ಠಾಣೆಯಲ್ಲಿ ಇಳಿದ ಮೇಲೆ ಎಲ್ಲಿಗೆ ಹೋಗುದು?"

ಸೋನಾಲಿ ಅತ್ತೆಯ ಮುಖ ನೋಡಿ, ಹಳೆಯ ಕರೆಂಟು ಬಿಲ್ಲಿನ ಹಿಂಭಾಗದಲ್ಲಿ ಬರೆದು ತೋರಿಸಿದಳು. "ಇಲ್ಲಿಂದ ಠಾಣೆ ಗಾಡಿ, ಕಡೇ ಸ್ಟೇಷನ್. ಬ್ರಿಜ್ ಹತ್ತಿ. ಬದಲಾಪುರ ಅಂತ ಬೋರ್ಡ್ ನೋಡಿ. ಕರ್ಜತ್ ಆದ್ರೂ ನಡೀತದೆ. ಕಲ್ಯಾಣ್ ಗಾಡಿ ಹತ್ತಬೇಡಿ, ಅದು ಅಲ್ಲೇ ನಿಲ್ತದೆ. ನಾನು ಬರ್ಲಾ ಜೊತೆಗೆ?"

"ಬೇಡ. ನೀನು ಬಂದ್ರೆ ನನಗೆ ದಾರಿ ಬರುದಿಲ್ಲ."

ಮರುದಿನ ಠಾಣೆಯ ಸೇತುವೆಯ ಮೇಲೆ ಜನ ಎರಡೂ ಕಡೆಯಿಂದ ನುಗ್ಗುತ್ತಿದ್ದರು. ಉಮಾವತಿ ಕೆಳಗಿಳಿದು ಒಂದು ಕಂಬ ಹಿಡಿದು ನಿಂತು, ಮೂರು ಗಾಡಿ ಬಿಟ್ಟು, ನಾಲ್ಕನೆಯದರ ಬೋರ್ಡನ್ನು ಇಬ್ಬರು ಹೆಂಗಸರಲ್ಲಿ ಕೇಳಿ ಖಾತ್ರಿ ಮಾಡಿಕೊಂಡು ಹತ್ತಿದಳು. ಅಕ್ಕನ ಮನೆ ಮುಟ್ಟುವಾಗ ಸೀರೆಯ ನೆರಿಗೆ ಹಾಳಾಗಿತ್ತು, ಚಪ್ಪಲಿಯ ಬಾರು ಕಿತ್ತಿತ್ತು.

"ಕಾರು ಎಲ್ಲುಂಟು?" ಎಂದಳು ಪ್ರಭಾ.

"ಕಾರಿಲ್ಲ. ನಾನೇ ಬಂದೆ," ಎಂದಳು ಉಮಾವತಿ. ಹಾಗೆ ಹೇಳುವಾಗ ಅವಳಿಗೆ ಅಳು ಬಂತು. ಅಕ್ಕ ಬೆನ್ನು ಸವರಿ, ಬೇಲದ ಹಣ್ಣಿನ ಪಾನಕ ಕೊಡಿಸಿದಳು. ಸಂಜೆ ಆರರವರೆಗೆ ಕೂತರು. ಯಾರೂ ಕೆಳಗಿನಿಂದ ಹಾರ್ನ್ ಹಾಕಲಿಲ್ಲ.

ಮುಂದಿನ ಶನಿವಾರವೂ ಹೋದಳು. ಅದರ ಮುಂದಿನದ್ದೂ. ದೀಪಾವಳಿಗೆ ಬೆಳ್ಳಿಬಣ್ಣದ ಕಾರು ಬಂತು. ಅದಕ್ಕೆ ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವಳು ಅವಳೇ. ಗಂಡಹೆಂಡಿರ ಮಾತೂ ಆವತ್ತೇ ಪುನಃ ಶುರುವಾಯಿತು, ನಿಂಬೆಹಣ್ಣು ಯಾವ ಚಕ್ರಕ್ಕೆ ಎಂಬ ವಿಷಯದಲ್ಲಿ. ಹಾಲು ಕೆಳಗಿನ ಅಂಗಡಿಯಿಂದಲೇ ಬರತೊಡಗಿತು. ಗುರುವಪ್ಪನವರು ರಿಕ್ಷಾ ಹಿಡಿಯತೊಡಗಿದರು. ಜಯಶೀಲ ಹೊಸ ಕಾರನ್ನು ದಿನಾ ಒರೆಸಿ, ಮೀನು ಮಾರುಕಟ್ಟೆಗೂ ಬ್ಯಾಂಕಿಗೂ ಓಡಿಸಿ, ಹೊದಿಕೆ ಹೊದಿಸಿ ಬರುತ್ತಿದ್ದರು. ಶನಿವಾರ ಒಂದು ಸಲವೂ ಬದಲಾಪುರದ ಮಾತು ಎತ್ತಲಿಲ್ಲ. ಉಮಾವತಿಯೂ ಎತ್ತಲಿಲ್ಲ. ಬೆಳಿಗ್ಗೆ ಹಿಟ್ಟು ಕಡೆದಿಟ್ಟು, ಚೀಲ ಹೆಗಲಿಗೆ ಹಾಕಿ ಹೊರಡುತ್ತಿದ್ದಳು.

ಮೇ ತಿಂಗಳಲ್ಲಿ ಕಾರು ಸರ್ವಿಸಿಗೆ ಹೋಗಿ ಬಂದ ದಿನ ರಂಜನ್ ಚೀಟಿ ಹಿಡಿದು ಊಟಕ್ಕೆ ಕೂತ. ಅವನ ಮುಖದಲ್ಲಿ ಪರೀಕ್ಷೆ ಪಾಸಾದವನ ಕಳೆ ಇತ್ತು.

"ಆರು ತಿಂಗಳಿಗೆ ಎರಡು ಸಾವಿರದ ಮುನ್ನೂರ ನಲವತ್ತಾರು. ತಿಂಗಳಿಗೆ ಮುನ್ನೂರ ತೊಂಬತ್ತೊಂದು. ನಾನು ಹೇಳಿದ್ದು ನಾನ್ನೂರು. ಒಂಬತ್ತು ಕಿಲೋಮೀಟರು ತಪ್ಪಿದೆ."

ಜಯಶೀಲ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸಿದರು. ತಪ್ಪೊಪ್ಪಿಗೆ ಅವರಿಂದ ಅಷ್ಟೇ ಹೊರಡುತ್ತಿದ್ದುದು.

ಇಂಚರ ಫೋನಿನಲ್ಲಿ ಏನೋ ಒತ್ತುತ್ತಿದ್ದಳು. "ರುಕೋ ಪಪ್ಪಾ. ನೆರೂಳ್ ಟು ಠಾಣೆ ಬಾವೀಸ್. ಠಾಣೆ ಟು ಬದಲಾಪುರ್ ಚೌತೀಸ್. ಜಾಕೇ ಆನೇಕಾ ಏಕ್‌ಸೌ ಬಾರಾ." ತಲೆಯೆತ್ತಿ ಅಜ್ಜಿಯನ್ನು ನೋಡಿದಳು. "ಮಹಿನ್ಯಾತ ಚಾರ್ ಶನಿವಾರ್, ಚಾರ್‌ಶೇ ಅಠ್ಠೇಚಾಳೀಸ್. ಆಜಿ, ಕಾರ್ ಪೇಕ್ಷಾ ತುಝೇ ಜಾಸ್ತ ಝಾಲೇ."

ಸೋನಾಲಿ ನಕ್ಕಳು. ರಂಜನ್ ಚೀಟಿಯನ್ನು ಮಡಚಿ ಮತ್ತೆ ಬಿಚ್ಚಿದ.

"ಎಷ್ಟಂತೆ?" ಎಂದು ಜಯಶೀಲ ಕೇಳಿದರು. ಅವರಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು.

"ರೈಲಿನಲ್ಲಿ ಹೋಗಿ ಬರ್ಲಿಕ್ಕೆ ನೂರ ಹನ್ನೆರಡು, ತಿಂಗಳಿಗೆ ನಾನ್ನೂರ ನಲವತ್ತೆಂಟು," ಎಂದಳು ಉಮಾವತಿ. "ಕಾರಿಗಿಂತ ನಾನು ಜಾಸ್ತಿ ಓಡಿದ್ದೇನಂತೆ."

ಜಯಶೀಲ ನೀರು ಕುಡಿದರು. ಆಮೇಲೆ ಹೆಂಡತಿಗೆ ಮಾತ್ರ ಹೇಳುವ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಬರುವ ಶನಿವಾರ ನಾನೂ ಬರ್ತೇನೆ. ಕಾರು ತೆಗೀತೇನೆ," ಎಂದರು.

"ಕಾರು ಬೇಡ," ಎಂದಳು ಉಮಾವತಿ. "ಬರುದಾದ್ರೆ ರೈಲಿಗೆ ಬನ್ನಿ. ನಾನು ಲೇಡೀಸ್ ಡಬ್ಬಿ, ಅಲ್ಲಿ ನಿಮ್ಮನ್ನು ಬಿಡುದಿಲ್ಲ. ನೀವು ಬೇರೆ ಹತ್ಬೇಕು. ಠಾಣೆಯಲ್ಲಿ ಇಳಿದು ಎಲ್ಲಿಗೂ ಹೋಗಬೇಡಿ, ಇಳಿದಲ್ಲೇ ನಿಂತಿರಿ. ನಾನು ಬಂದು ಕರಕೊಂಡು ಹೋಗ್ತೇನೆ."

"ಎಷ್ಟು ಗಂಟೆಗೆ?"

"ಒಂಬತ್ತು ಹತ್ತರ ಗಾಡಿ. ತಡ ಮಾಡಿದ್ರೆ ನಾನು ಕಾಯುದಿಲ್ಲ."